ದುಃಖದ ನಗು, ಸದ್ದಿಲ್ಲದ ಪ್ರೀತಿ

ಸಾವಿನ ಸುದ್ದಿಯನ್ನು ನಗುಮೊಗದಿಂದ ತಿಳಿಸುವವರನ್ನು ಕಂಡರೆ ನಮಗೆ ಸೋಜಿಗವೆನಿಸುತ್ತದೆ, ಸಿಟ್ಟೂ ಬರುತ್ತದೆ. 1890ರಲ್ಲಿ ಜಪಾನಿಗೆ ತೆರಳಿ ಅಲ್ಲಿಯೇ ನೆಲೆನಿಂತ ಲೇಖಕ ಲಫ್ಕಾಡಿಯೊ ಹರ್ನ್, 1894ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಥದೊಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಯೊಕೊಹಾಮಾದ ವಿದೇಶೀ ಮಹಿಳೆಯೊಬ್ಬಳ ಮನೆಯಲ್ಲಿ ಕೆಲಸಕ್ಕಿದ್ದ ಜಪಾನೀ ದಾದಿ ನಗುತ್ತ ಬಂದು, ಗಂಡ ತೀರಿಕೊಂಡನೆಂದು ತಿಳಿಸಿ ಅಂತ್ಯಕ್ರಿಯೆಗೆ ಹೋಗಲು ಅಪ್ಪಣೆ ಬೇಡಿದಳು. ಸಂಜೆ ಅಸ್ಥಿಯ ಪಾತ್ರೆಯೊಡನೆ ಮರಳಿ, ಇದೇ ತನ್ನ ಗಂಡನೆಂದು ತೋರಿಸುವಾಗಲೂ ನಕ್ಕಳಂತೆ. ಒಡತಿಗೆ ಹೇಸಿಗೆಯಾಯಿತು. ಹರ್ನ್ ಕಂಡ ಅರ್ಥ ಬೇರೆ: ತನ್ನ ದುಃಖದ ಹೊರೆ ಕೇಳುವವರ ಮೇಲೆ ಬೀಳದಿರಲಿ ಎಂಬ ಸೌಜನ್ಯವೇ ಆ ನಗು.

ಮುಂದೆ ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ನೋಡಲು ಕಷ್ಟವಾಗುವ ಚಲನಚಿತ್ರಗಳನ್ನು ಅಮೆರಿಕನ್ ಮತ್ತು ಜಪಾನೀ ವಿದ್ಯಾರ್ಥಿಗಳಿಗೆ ತೋರಿಸಿ, ಅವರ ಮುಖಭಾವವನ್ನು ಗುಟ್ಟಾಗಿ ಚಿತ್ರೀಕರಿಸಲಾಯಿತು. ಒಬ್ಬರೇ ಕುಳಿತು ನೋಡಿದಾಗ ಇಬ್ಬರ ಮುಖದಲ್ಲೂ ಅದೇ ಸಂಕಟ. ಎದುರಿಗೆ ಸಂಶೋಧಕನೊಬ್ಬ ಬಂದು ಕುಳಿತಾಗ ಮಾತ್ರ ಜಪಾನೀಯರು ಹೆಚ್ಚಾಗಿ ಅದನ್ನು ನಗುವಿನಿಂದ ಮುಚ್ಚಿದರು. 1972ರಲ್ಲಿ ಹೊರಬಂದ ಈ ಫಲಿತಾಂಶದ ಬಗ್ಗೆ ಅನಂತರ ವಾದವಿವಾದಗಳು ನಡೆದಿವೆ. ಆದರೂ ಭಾವನೆ ಒಂದೇ ಆಗಿದ್ದು, ಯಾರ ಮುಂದೆ ಎಷ್ಟು ತೋರಬೇಕೆಂಬ ಕಟ್ಟಳೆ ಸಮಾಜದಿಂದ ಸಮಾಜಕ್ಕೆ ಬದಲಾಗುತ್ತದೆ ಎಂಬ ಮಾತು ನಮಗೆ ಒಪ್ಪತಕ್ಕದ್ದೆನಿಸುತ್ತದೆ.

ಏಕೆಂದರೆ ಈ ಕಟ್ಟಳೆ ನಮ್ಮ ಮನೆಗಳಲ್ಲಿಯೇ ಎರಡಾಗಿದೆ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಹೆಂಗಸರು ಶವದ ಸುತ್ತ ಕುಳಿತು, ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುವ ರೂಢಿಯಿದೆ. ಅಲ್ಲಿ ಅಳದವರ ಬಗ್ಗೆಯೇ ಜನ ಆಡಿಕೊಳ್ಳುತ್ತಾರೆ. ಅದೇ ಅತ್ತೆಯೋ ಚಿಕ್ಕಮ್ಮನೋ ಊರಿನಿಂದ ಬಂದು ಮುಂಬಯಿಯ ಫ್ಲಾಟಿನಲ್ಲಿ ದನಿಯೆತ್ತಿ ಅಳತೊಡಗಿದರೆ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮೆಲ್ಲನೆ ಬಾಗಿಲು ಮುಚ್ಚುತ್ತಾರೆ. ಇದೇಕಿಷ್ಟು ಗದ್ದಲವೆಂಬುದು ಅವರ ಮುಜುಗರ; ಹೆತ್ತವರು ಹೋದರೂ ಇವರಿಗೆ ಕರುಳು ಮಿಡಿಯಲಿಲ್ಲವಲ್ಲ ಎಂಬುದು ಆಕೆಯ ನೋವು. ಇಬ್ಬರ ದುಃಖವೂ ನಿಜ. ಆದರೆ ಆ ದಿನ ಮೂಡಿದ ಕಹಿ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಪ್ರೀತಿಯ ವಿಷಯದಲ್ಲಿ ಇದು ತಿರುಗುಮುರುಗು. ಹೋಳಿಗೆ ಬಡಿಸಿದ ಅಜ್ಜಿಗೆ ಮೊಮ್ಮಗ ‘ಥ್ಯಾಂಕ್ಸ್’ ಎಂದರೆ ಆಕೆಗೆ ಒಳಗೊಳಗೇ ಕಸಿವಿಸಿ; ಮನೆಯವರಿಗೆ ಯಾರಾದರೂ ಉಪಕಾರಸ್ಮರಣೆ ಹೇಳುತ್ತಾರೆಯೇ? ‘ಧನ್ಯವಾದ’ ನಮ್ಮಲ್ಲಿ ಸಭೆಯ ಮಾತು, ಅಡುಗೆಮನೆಯದಲ್ಲ. ಆಕೆಯ ವಾತ್ಸಲ್ಯವೆಲ್ಲ ‘ಇನ್ನೊಂದು ಹಾಕಿಸ್ಕೋ’ ಎಂಬ ಒತ್ತಾಯದಲ್ಲಿದೆ. ಮೊಮ್ಮಗನಿಗೆ ಅದು ಬರೀ ಬಲವಂತವಾಗಿ ಕಾಣುತ್ತದೆ. ಶಾಲೆ ಕಲಿಸಿದ ಶಿಷ್ಟಾಚಾರವನ್ನು ಅವನು ಪಾಲಿಸಿದ್ದಾನೆ, ಅದರಲ್ಲಿ ಅವನ ತಪ್ಪಿಲ್ಲ. ಅಜ್ಜಿಯ ಭಾಷೆಯನ್ನು ನಾವು ಅವನಿಗೆ ಬಿಡಿಸಿ ಹೇಳಿಲ್ಲ, ಅಷ್ಟೇ.

ಹೇಳದೆ ಉಳಿದದ್ದು ಇನ್ನೂ ಇದೆ. ಎಲ್ಲಿಗೆ ಹೋದರೂ ‘ಹೋಗಿ ಬರ್ತೇವೆ’ ಎಂದು ಹೇಳಿಯೇ ಹೊರಡಬೇಕೆಂದು ಮಕ್ಕಳಿಗೆ ಕಲಿಸುತ್ತೇವೆ. ಸಾವಿನ ಮನೆಯಿಂದ ಮಾತ್ರ ಹೇಳದೆ ಏಳಬೇಕು, ಅಂಥ ಸಂದರ್ಭಕ್ಕೆ ಮತ್ತೆ ಬರುವಂತಾಗದಿರಲಿ ಎಂದು. ಇದನ್ನರಿಯದ ಹುಡುಗನೊಬ್ಬ ಹೊಸ್ತಿಲಲ್ಲಿ ನಿಂತು ‘ಬರ್ತೇವೆ ಆಂಟಿ’ ಎಂದಾಗ ಹಿರಿಯರು ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಳ್ಳುತ್ತಾರೆ. ಕಾರಣವನ್ನು ದಾರಿಯಲ್ಲಿಯೂ ಹೇಳುವುದಿಲ್ಲ.