ಚಿತ್ತು-ಕಾಟಿಗೆ ಹೆದರಬೇಡಿ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಪತ್ರ, ಪ್ರವಾಸದ ಅನುಭವ, ಹಬ್ಬದ ನೆನಪು, ಸಂಘದ ಸುದ್ದಿ ಬರೆದು ಕಳಿಸುವವರು ನಿಮ್ಮಲ್ಲಿ ಹಲವರಿದ್ದೀರಿ. ಬರೆದು ಮುಗಿಸಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅದೇ ಬೇಡದ ಮಾತನ್ನು ಹೊಡೆದು ಹಾಕುವುದು. ಈ ಸಲ ಅದರ ಬಗ್ಗೆ ನಾಲ್ಕು ಮಾತು.

ಪತ್ರಿಕೆ ಓದುವವರಿಗೆ ವಾಕ್ಯ ಅರ್ಥವಾಗದಿದ್ದರೆ ಮತ್ತೆ ಮೇಲಿನಿಂದ ಓದಬಹುದು. ರೇಡಿಯೊ ಕೇಳುವವರಿಗೆ ಆ ಅನುಕೂಲವಿಲ್ಲ. ಒಬ್ಬರು ಒಗ್ಗರಣೆ ಹಾಕುತ್ತ ಕೇಳುತ್ತಾರೆ, ಇನ್ನೊಬ್ಬರು ಬಸ್ಸಿನ ಗದ್ದಲದಲ್ಲಿ ಕೇಳುತ್ತಾರೆ. ಅದರ ಮೇಲೆ ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಏನಾಯಿತು ಎಂದು ತಿಳಿಯುವತನಕ ಕೇಳುಗರು ಹಿಂದಿನ ಪದಗಳನ್ನೆಲ್ಲ ತಲೆಯಲ್ಲಿ ಹೊತ್ತು ಕಾಯಬೇಕು. ಬೇಡದ ಒಂದೊಂದು ಪದವೂ ಆ ಹೊರೆಯನ್ನು ಹೆಚ್ಚಿಸುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಬಂಗಾಳಿ ಆಡುತ್ತ ಬೆಳೆಯುತ್ತಿರುವ ನಮ್ಮ ಮನೆಯ ಮಕ್ಕಳಂತೂ ಅಷ್ಟು ಹೊತ್ತು ಕಾಯುವುದಿಲ್ಲ. "ಅಮ್ಮಾ, ಇದು ಅರ್ಥವಾಗಲ್ಲ" ಎಂದು ಎದ್ದು ಹೋಗುತ್ತಾರೆ. ಕನ್ನಡ ಕಷ್ಟ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಕಷ್ಟವಾಗಿದ್ದದ್ದು ಕನ್ನಡವಲ್ಲ, ಸುತ್ತುಬಳಸಿನ ಮಾತು.

ಬರೆದದ್ದನ್ನು ಹೊಡೆದು ಹಾಕಲು ಮನಸ್ಸು ಬರುವುದಿಲ್ಲ, ನಿಜ. ಇದಕ್ಕೆ ನಮ್ಮ ಕೋಲ್ಕತ್ತದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಜೋಡಾಸಾಂಕೊದಲ್ಲಿ ಹುಟ್ಟಿದ ರವೀಂದ್ರನಾಥ ಟ್ಯಾಗೋರರ ಹಸ್ತಪ್ರತಿಗಳ ಚಿತ್ರಗಳನ್ನು ನೀವು ನೋಡಿರಬಹುದು. ಪುಟದ ತುಂಬ ಕಾಟುಗಳು. 1924ರಲ್ಲಿ ಪೆರು ದೇಶಕ್ಕೆ ಹೊರಟಿದ್ದ ಅವರು ಕಾಯಿಲೆ ಬಿದ್ದು, ಅರ್ಜೆಂಟೀನಾದ ಸಾನ್ ಇಸಿದ್ರೊದಲ್ಲಿ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರ ಅತಿಥಿಯಾಗಿ ಉಳಿದರು. ಆಗ ಬರೆಯುತ್ತಿದ್ದ 'ಪೂರಬಿ' ಸಂಕಲನದ ಪದ್ಯಗಳಲ್ಲಿ ಹೊಡೆದು ಹಾಕಿದ ಪದಗಳನ್ನು ಗೆರೆಗಳಿಂದ ಜೋಡಿಸುತ್ತ ಹೋದರು. ಆ ಕಾಟುಗಳೇ ಹಕ್ಕಿ, ಪ್ರಾಣಿ, ಮುಖಗಳಾದವು. ಅವುಗಳನ್ನು ಕಂಡು ಬೆರಗಾದ ಒಕಾಂಪೊ ಅವರೇ ಮುಂದೆ 1930ರಲ್ಲಿ ಪ್ಯಾರಿಸ್ಸಿನಲ್ಲಿ ಟ್ಯಾಗೋರರ ಚಿತ್ರಗಳ ಪ್ರದರ್ಶನಕ್ಕೆ ನೆರವಾದರು.

ನಾವು ಕಾಟು ಹಾಕಿದರೆ ಚಿತ್ರವಾಗುವುದಿಲ್ಲ, ಬಿಡಿ. ಆದರೆ ಒಂದು ಮಾತು ಗಮನಿಸಿ. 1913ರಲ್ಲೇ ನೊಬೆಲ್ ಪ್ರಶಸ್ತಿ ಪಡೆದಿದ್ದವರು ಹನ್ನೊಂದು ವರ್ಷಗಳ ನಂತರವೂ ತಾವು ಬರೆದ ಸಾಲುಗಳನ್ನು ಹೊಡೆದು ಹಾಕುತ್ತಿದ್ದರು. ಬಂಗಾಳಿಯವರು ಇದನ್ನು ಕಾಟಾಕುಟಿ ಎನ್ನುತ್ತಾರೆ, ನಾವು ಚಿತ್ತು-ಕಾಟು ಎನ್ನುತ್ತೇವೆ. ಶಾಲೆಯಲ್ಲಿ ಚಿತ್ತಿಲ್ಲದ ಪುಟಕ್ಕೆ ಶಹಬ್ಬಾಸ್ ಸಿಗುತ್ತಿತ್ತು. ದೊಡ್ಡವರಾದ ಮೇಲೆ ಆ ಭಯ ಬಿಡಬೇಕು.

ಹಾಗಾದರೆ ಏನನ್ನು ಹೊಡೆಯಬೇಕು? ಕನ್ನಡದಲ್ಲಿ ಹೆಚ್ಚುವರಿ ಮಾತು ಸೇರಿಕೊಳ್ಳುವ ಜಾಗಗಳು ಬೇಗ ಗುರುತು ಸಿಗುತ್ತವೆ.

ಮೊದಲನೆಯದು ಕ್ರಿಯಾಪದದ ಬಾಲ. "ಪರಿಶೀಲನೆಯನ್ನು ಮಾಡಿದರು" ಎಂದರೂ "ಪರಿಶೀಲಿಸಿದರು" ಎಂದರೂ ಅರ್ಥ ಒಂದೇ. "ಎಂದು ಹೇಳಬಹುದಾಗಿದೆ" ಎಂಬುದನ್ನು ಪೂರ್ತಿ ತೆಗೆದು ನೋಡಿ, ಹೇಳಬೇಕಾದದ್ದು ಹಾಗೇ ಉಳಿದಿರುತ್ತದೆ. "ಅಧ್ಯಕ್ಷರಿಂದ ದೀಪವು ಬೆಳಗಿಸಲ್ಪಟ್ಟಿತು" ಎಂದು ನಾವ್ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. "ಅಧ್ಯಕ್ಷರು ದೀಪ ಬೆಳಗಿಸಿದರು" ಎಂದರೆ ಸಾಕು.

ಎರಡನೆಯದು ಇಂಗ್ಲಿಷಿನ ನೆರಳು. "ಅವರು ಒಬ್ಬ ವೈದ್ಯರಾಗಿದ್ದಾರೆ" ಎಂದು ಬರೆಯುತ್ತೇವೆ. ಕನ್ನಡಕ್ಕೆ ಅಲ್ಲಿ "ಒಬ್ಬ"ವೂ ಬೇಡ, "ಆಗಿದ್ದಾರೆ"ಯೂ ಬೇಡ. "ಅವರು ವೈದ್ಯರು", ಅಲ್ಲಿಗೆ ವಾಕ್ಯ ಪೂರ್ಣ. "ಮೂವರು ಮಕ್ಕಳನ್ನು ಹೊಂದಿದ್ದಾರೆ" ಎನ್ನುವ ಬದಲು "ಅವರಿಗೆ ಮೂವರು ಮಕ್ಕಳು" ಎನ್ನಿ. "ನಾನು ಕಾಲಿಘಾಟಿಗೆ ಹೋದೆನು ಮತ್ತು ನಾನು ದೇವಿಯ ದರ್ಶನವನ್ನು ಮಾಡಿದೆನು" ಎನ್ನುವುದಕ್ಕಿಂತ "ಕಾಲಿಘಾಟಿಗೆ ಹೋಗಿ ದೇವಿಯ ದರ್ಶನ ಮಾಡಿದೆ" ಎಂಬುದು ಸಲೀಸು. "ಮಾಡಿದೆ" ಎಂದಾಗಲೇ ಮಾಡಿದವರು "ನಾನು" ಎಂದು ಗೊತ್ತಾಯಿತಲ್ಲ!

ಮೂರನೆಯದು ಒಂದೇ ಅರ್ಥದ ಜೋಡಿ ಪದಗಳು. "ಪುನಃ ಮತ್ತೊಮ್ಮೆ", "ಸುಮಾರು ಐವತ್ತರಷ್ಟು", "ಕೇವಲ ಎರಡೇ" ಇವುಗಳಲ್ಲಿ ಒಂದು ಇದ್ದರೆ ಸಾಕು.

ನಾಲ್ಕನೆಯದು ಪೀಠಿಕೆ. ದುರ್ಗಾಪೂಜೆಯ ಬಗ್ಗೆ ಬರೆಯುವಾಗ "ಭಾರತವು ಹಬ್ಬಗಳ ನಾಡು" ಎಂದು ಶುರು ಮಾಡುತ್ತೇವೆ. ಮೊದಲ ಪ್ಯಾರಾವನ್ನು ಕೈಯಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಏನೂ ಕಳೆದುಹೋಗಿಲ್ಲ ಎನಿಸಿದರೆ ಮೊದಲನೆಯದು ಬೇಕಿರಲಿಲ್ಲ.

ಈಗ ಒಂದು ಮಾದರಿ ನೋಡೋಣ. "ಕಳೆದ ಭಾನುವಾರದ ದಿನದಂದು ನಮ್ಮ ಸಂಘದ ವತಿಯಿಂದ ಮಕ್ಕಳಿಗಾಗಿ ಕನ್ನಡ ಅಕ್ಷರಗಳನ್ನು ಕಲಿಸುವಂತಹ ಒಂದು ತರಗತಿಯನ್ನು ಪ್ರಾರಂಭ ಮಾಡಲಾಯಿತು ಎಂಬ ವಿಷಯವನ್ನು ತಿಳಿಸಲು ಹರ್ಷಿಸುತ್ತೇವೆ." ಇಲ್ಲಿ 18 ಪದಗಳಿವೆ. ಇದನ್ನೇ "ಕಳೆದ ಭಾನುವಾರ ನಮ್ಮ ಸಂಘ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ತರಗತಿ ಆರಂಭಿಸಿತು" ಎಂದರೆ 10 ಪದ. ಎಂಟು ಉಳಿಯಿತು. ಆ ಉಳಿತಾಯದಲ್ಲಿ "ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳನ್ನು ಕರೆತನ್ನಿ, ಶುಲ್ಕವಿಲ್ಲ" ಎಂದು ಸೇರಿಸಬಹುದು. ಮೊದಲ ವಾಕ್ಯ ಕೇಳಿದ ತಾಯಿಗೆ ಸಂಘದ ಹರ್ಷ ತಿಳಿಯಿತು, ಮಗುವನ್ನು ಯಾವಾಗ ಕರೆತರಬೇಕೆಂದು ತಿಳಿಯಲಿಲ್ಲ. ಬೇಡದ ಮಾತು ಬೇಕಾದ ಮಾತಿನ ಜಾಗ ಹಿಡಿದಿತ್ತು.

ಹಾಗೆಂದು ಎಲ್ಲವನ್ನೂ ಕತ್ತರಿಸುತ್ತ ಹೋಗಬೇಡಿ. ನಮ್ಮ ದೇಶದ ಮೊದಲ ಪ್ರಾಯೋಗಿಕ ತಂತಿ ಮಾರ್ಗ 1850ರಲ್ಲಿ ಸಿದ್ಧವಾದದ್ದು ಇದೇ ಕೋಲ್ಕತ್ತದಿಂದ ಡೈಮಂಡ್ ಹಾರ್ಬರಿಗೆ. 2013ರ ಜುಲೈನಲ್ಲಿ ತಂತಿ ಸೇವೆ ನಿಲ್ಲುವತನಕ ಪದ ಎಣಿಸಿ ಹಣ ಕೊಟ್ಟವರು ನಾವು. "ತಾಯಿಗೆ ಅಸ್ವಸ್ಥ, ಕೂಡಲೇ ಹೊರಡು" ಎಂಬ ನಾಲ್ಕು ಪದ ಓದಿ, ಎರಡು ರಾತ್ರಿ ರೈಲಿನಲ್ಲಿ ನಿದ್ದೆಯಿಲ್ಲದೆ ಊರಿಗೆ ಹೋದವರಿಗೆ ಗೊತ್ತು, ಇನ್ನೆರಡು ಪದ ಇದ್ದಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತು ಎಂದು. ಕೇಳುಗರಿಗೆ ಬೇಕಾದದ್ದನ್ನು ಹೊಡೆದರೆ ಅದು ಚೊಕ್ಕ ಬರಹವಲ್ಲ, ಜಿಪುಣತನ. ರೇಡಿಯೊದಲ್ಲಿ ಹೆಸರು, ಸ್ಥಳ, ಸಮಯಗಳನ್ನು ಎರಡು ಸಲ ಹೇಳುವುದೇ ಸರಿ. ಹಾಗೆಯೇ ಅಜ್ಜಿಯ ಮಾತಿನ "ಮೆಲ್ಲಮೆಲ್ಲಗೆ", "ಕಾಫಿಗೀಫಿ" ಇವೆಲ್ಲ ಇರಲಿ. ಅವು ಮಾತಿನ ಉಪ್ಪು-ಹುಳಿ.

ಕೊನೆಯದಾಗಿ ಮಾಡುವ ಕ್ರಮ ಇಷ್ಟೆ. ಬರೆದು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಗಡಿಯಾರ ಎದುರಿಗಿಟ್ಟು ಗಟ್ಟಿಯಾಗಿ ಓದಿ. ಉಸಿರು ಸಾಲದಿದ್ದ ಕಡೆ ವಾಕ್ಯ ಒಡೆಯಿರಿ, ನಾಲಗೆ ತೊಡರಿದ ಕಡೆ ಗುರುತು ಹಾಕಿ. ಆಮೇಲೆ ಮನೆಯ ಮಕ್ಕಳಲ್ಲಿ ಒಬ್ಬರನ್ನು ಕೂರಿಸಿಕೊಂಡು ಓದಿ ಹೇಳಿ. ಮಗು ಎಲ್ಲಿ "ಅಂದ್ರೆ ಏನು?" ಎಂದು ಕೇಳುತ್ತದೋ ಅಲ್ಲಿ ಪೆನ್ನು ಹಿಡಿಯಿರಿ.

"ತಾಳಿದವನು ಬಾಳಿಯಾನು" ಎಂಬ ಗಾದೆಯಲ್ಲಿ ಇರುವುದು ಎರಡೇ ಪದ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ನಿಮ್ಮ ಮುಂದಿನ ಪತ್ರವನ್ನು ಚಿತ್ತು-ಕಾಟಿನ ಸಮೇತ ಕಳಿಸಿದರೂ ನಮಗೆ ಸಂತೋಷವೇ. ಕಾಯುತ್ತಿರುತ್ತೇವೆ.