ದಿನವಹಿಯ ಬರಿದಾದ ಪುಟಗಳು

ಕೋವಿಡ್ ಮಹಾಮಾರಿಯ ಕಾಲದಲ್ಲಿ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರ ಬದುಕು: ಒಂದು ಹಿನ್ನೋಟ

ಶಾರ್ವರಿ ಸಂವತ್ಸರದ ಯುಗಾದಿಯು 2020ರ ಮಾರ್ಚ್ 25ರ ಬುಧವಾರ ಬಂದಿತು. ಅಂದು ಬೆಳಿಗ್ಗೆ ರಾಜ್ಯದ ಬಹುತೇಕ ಪೇಟೆಬೀದಿಗಳಲ್ಲಿ ಅಂಗಡಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಲು ಮಾಲೀಕರು ಬರಲಿಲ್ಲ. ಹಿಂದಿನ ರಾತ್ರಿ ಎಂಟು ಗಂಟೆಗೆ ದೇಶವನ್ನುದ್ದೇಶಿಸಿ ಮಾತನಾಡಿದ ಪ್ರಧಾನಮಂತ್ರಿಗಳು ಮಧ್ಯರಾತ್ರಿಯಿಂದಲೇ 21 ದಿನಗಳ ಲಾಕ್‌ಡೌನ್ ಜಾರಿಗೆ ಬರುವುದೆಂದು ಘೋಷಿಸಿದ್ದರು. ಶಾರ್ವರಿ ಎಂಬ ಪದಕ್ಕೆ ಇರುಳು ಎಂಬ ಅರ್ಥವಿದೆ. ಪಂಚಾಂಗ ಶ್ರವಣ ಮಾಡಿದ ಹಿರಿಯರು ಅಂದು ಆ ಅರ್ಥವನ್ನು ನೆನೆದಿದ್ದರೆ ಆಶ್ಚರ್ಯವಿಲ್ಲ. ಬೇವು ಬೆಲ್ಲದ ಬಟ್ಟಲಿನಲ್ಲಿ ಆ ವರ್ಷ ಬೇವಿನ ಪಾಲೇ ಹೆಚ್ಚಾಗಿತ್ತು.

ವರ್ತಕನಿಗೆ ಮಾರ್ಚ್ ತಿಂಗಳ ಕೊನೆಯ ವಾರವೆಂದರೆ ವರ್ಷದ ಫಲವನ್ನು ಅಳೆಯುವ ಕಾಲ. ಬಾಕಿ ವಸೂಲಿ, ದಾಸ್ತಾನಿನ ಎಣಿಕೆ, ಬ್ಯಾಂಕಿನ ಲೆಕ್ಕದ ತಾಳೆ ಇವೆಲ್ಲವೂ ಆ ಆರೇಳು ದಿನಗಳಲ್ಲಿಯೇ ನಡೆಯತಕ್ಕವು. ಸರಿಯಾಗಿ ಆ ವಾರದಲ್ಲಿಯೇ ಬಾಗಿಲು ಮುಚ್ಚಿತು. ಬರಬೇಕಾದ ಹಣ ಬರಲಿಲ್ಲ. ಕೊಡಬೇಕಾದ ಹಣದ ದಿನಾಂಕ ಮಾತ್ರ ನಿಲ್ಲಲಿಲ್ಲ. ಅನೇಕ ಅಂಗಡಿಗಳ ದಿನವಹಿಯನ್ನು ಇಂದು ತೆರೆದು ನೋಡಿದರೂ ಅಲ್ಲಿ ಮಾರ್ಚ್ 24ರ ನಂತರ ಒಮ್ಮೆಲೇ ಮೇ ತಿಂಗಳ ನಮೂದು ಕಾಣುತ್ತದೆ. ನಡುವಣ ಆ ಬರಿದಾದ ಪುಟಗಳಲ್ಲಿ ಏನು ನಡೆಯಿತು ಎಂಬುದೇ ಈ ಲೇಖನದ ವಿಷಯ.

ಮುಚ್ಚಿದ ಬಾಗಿಲಿನ ಆಚೆ ಈಚೆ

ದಿನಸಿ ಅಂಗಡಿ, ಔಷಧದ ಅಂಗಡಿ, ಹಾಲು ತರಕಾರಿಯ ವ್ಯಾಪಾರಿಗಳಿಗೆ ಬಾಗಿಲು ತೆರೆಯಲು ಅನುಮತಿಯಿತ್ತು. ಅಂಗಡಿಯ ಮುಂದೆ ಸುಣ್ಣದಿಂದ ವೃತ್ತಗಳನ್ನು ಬರೆದು ಗಿರಾಕಿಗಳನ್ನು ಅದರೊಳಗೆ ನಿಲ್ಲಿಸಲಾಯಿತು. ಗಲ್ಲಾಪೆಟ್ಟಿಗೆಗೂ ಗಿರಾಕಿಗೂ ನಡುವೆ ಹಗ್ಗ ಕಟ್ಟಲಾಯಿತು. ನೋಟುಗಳನ್ನು ಬಿಸಿಲಿಗೆ ಹಾಕಿದವರುಂಟು, ಇಸ್ತ್ರಿ ಮಾಡಿದವರೂ ಉಂಟು. ದಶಕಗಳಿಂದ ಗಿರಾಕಿಯ ಕೈಯಿಂದ ಕೈಗೆ ಹಣ ಪಡೆದು ‘ಬನ್ನಿ ಕೂಡಿ’ ಎಂದು ಉಪಚರಿಸಿದ ವರ್ತಕನಿಗೆ, ಅದೇ ಗಿರಾಕಿಯನ್ನು ‘ದೂರ ನಿಲ್ಲಿ’ ಎಂದು ಹೇಳಬೇಕಾಗಿ ಬಂದುದು ಸಣ್ಣ ಸಂಕಟವಾಗಿರಲಿಲ್ಲ.

ಬಟ್ಟೆ, ಪಾತ್ರೆ, ಚಿನ್ನ, ಕಬ್ಬಿಣ, ಮುದ್ರಣ ಮೊದಲಾದ ವ್ಯಾಪಾರಗಳವರು ಮನೆಯಲ್ಲಿಯೇ ಉಳಿದರು. ಮದುವೆಯ ಕಾಲವೆಂದು ಜವಳಿ ವ್ಯಾಪಾರಿಗಳು ತರಿಸಿದ್ದ ಸರಕು ಗೋದಾಮಿನಲ್ಲಿಯೇ ಕುಳಿತಿತು. ಆ ವರ್ಷದ ಅಕ್ಷಯ ತೃತೀಯ ಏಪ್ರಿಲ್ 26ರಂದು ಬಂದಾಗ ಚಿನ್ನದ ಅಂಗಡಿಗಳ ಬಾಗಿಲು ಮುಚ್ಚಿಯೇ ಇತ್ತು. ಮರುವರ್ಷ ಮೇ 14ರಂದು ಬಂದ ಅಕ್ಷಯ ತೃತೀಯವೂ ಲಾಕ್‌ಡೌನ್‌ನಲ್ಲಿಯೇ ಕಳೆದುಹೋಯಿತು. ಇಳಕಲ್ಲು, ರಬಕವಿ, ಬನಹಟ್ಟಿ, ದೊಡ್ಡಬಳ್ಳಾಪುರದಂಥ ನೇಕಾರರ ಊರುಗಳಲ್ಲಿ ಮಗ್ಗದ ಸದ್ದು ಅಡಗಿತು. ರೇಷ್ಮೆಹುಳು ಮಾತ್ರ ಯಾವ ಆದೇಶಕ್ಕೂ ಕಾಯುವುದಿಲ್ಲ. ಗೂಡು ಕಟ್ಟಿದ ಕೆಲವು ದಿನಗಳಲ್ಲಿ ಅದನ್ನು ಮಾರದಿದ್ದರೆ ಒಳಗಿನ ಚಿಟ್ಟೆ ಗೂಡನ್ನು ಸೀಳಿ ಹೊರಬರುತ್ತದೆ. ಅಂಥ ಗೂಡಿನಿಂದ ಎಳೆಯುವಂಥ ನೂಲು ದೊರೆಯದು. ಹೂವು, ಹಣ್ಣು, ತರಕಾರಿ ಬೆಳೆದವರ ಪಾಡೂ ಇದೇ ಆಗಿತ್ತು.

ಮನೆಯೊಳಗೆ ಮತ್ತೊಂದು ಬಗೆಯ ಲೆಕ್ಕ ತೆರೆಯಿತು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುತ್ತಿದ್ದ ಗೃಹಸ್ಥರು ಮಕ್ಕಳು ಓದುವುದನ್ನು ಹಗಲಿನಲ್ಲಿ ಕಂಡದ್ದು ಆಗಲೇ. ಮನೆಯ ತಿಂಗಳ ಖರ್ಚು ನಿಜವಾಗಿ ಎಷ್ಟು ಎಂಬುದು ಕೆಲವರಿಗೆ ಮೊದಲ ಬಾರಿಗೆ ತಿಳಿಯಿತು. ವ್ಯಾಪಾರದ ಸಾಲದ ವಿಷಯವನ್ನು ಮನೆಯವರಿಂದ ಮರೆಮಾಚಿ ನಡೆದವರು ಅದನ್ನು ಹೇಳಿಕೊಳ್ಳಬೇಕಾಯಿತು. ಹೇಳಿಕೊಂಡ ಮೇಲೆ ಮನಸ್ಸಿನ ಭಾರ ಇಳಿಯಿತೆಂದು ಒಪ್ಪುವವರೂ ಇದ್ದಾರೆ.

ಸಂಬಳದ ದಿನ

ಸಣ್ಣ ಉದ್ದಿಮೆದಾರರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದುದು ಏಪ್ರಿಲ್ ತಿಂಗಳ ಸಂಬಳದ ಪ್ರಶ್ನೆ. ಲಾಕ್‌ಡೌನ್ ಅವಧಿಯಲ್ಲಿ ಸಂಸ್ಥೆ ಮುಚ್ಚಿದ್ದರೂ ಕಾರ್ಮಿಕರಿಗೆ ಕಡಿತವಿಲ್ಲದೆ ನಿಗದಿತ ದಿನದಂದು ವೇತನ ನೀಡತಕ್ಕದ್ದೆಂದು ಕೇಂದ್ರ ಗೃಹ ಸಚಿವಾಲಯವು 2020ರ ಮಾರ್ಚ್ 29ರಂದು ಆದೇಶಿಸಿತು. ದುಡಿದು ತಿನ್ನುವವನ ಒಲೆ ಉರಿಯಬೇಕೆಂಬ ಉದ್ದೇಶ ಸರಿಯಾದುದೇ. ಆದರೆ ಹತ್ತು ಹನ್ನೆರಡು ಮಂದಿ ದುಡಿಯುವ ಒಂದು ಲೇತ್ ಶಾಪ್ ಅಥವಾ ಗಿರಣಿಯಲ್ಲಿ ಸಂಬಳದ ಹಣ ಬರುವುದು ಹಿಂದಿನ ತಿಂಗಳು ಕಳುಹಿಸಿದ ಮಾಲಿನ ಬಿಲ್ಲಿನಿಂದ. ಕೊಳ್ಳುವ ದೊಡ್ಡ ಕಾರ್ಖಾನೆಯೇ ಮುಚ್ಚಿ, ಅದರ ಲೆಕ್ಕಪತ್ರ ವಿಭಾಗದ ದೂರವಾಣಿಯನ್ನು ಎತ್ತುವವರೇ ಇಲ್ಲದಿರುವಾಗ ಆ ಹಣ ಎಲ್ಲಿಂದ ಬರಬೇಕು?

ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿ, ಶಿವಮೊಗ್ಗಗಳ ಸಣ್ಣ ಘಟಕಗಳಲ್ಲಿ ಮಾಲೀಕನೂ ಕಾರ್ಮಿಕನೂ ಒಂದೇ ಸೂರಿನಡಿ ಒಟ್ಟಿಗೆ ದುಡಿಯುವುದು ವಾಡಿಕೆ. ಮಾಲೀಕನೇ ಹಿಂದೆ ಬೇರೆಡೆ ಕೆಲಸಗಾರನಾಗಿದ್ದು, ಒಂದು ಯಂತ್ರ ಕೊಂಡು ಸ್ವಂತ ಉದ್ದಿಮೆ ಆರಂಭಿಸಿದ ನಿದರ್ಶನಗಳು ಹೇರಳ. ಆದುದರಿಂದ ಸಂಬಳ ಕೊಡಲಾಗದ ಕಷ್ಟವನ್ನು ಆತ ಎರಡು ಕಡೆಯಿಂದಲೂ ಬಲ್ಲ. ಮಡದಿಯ ಒಡವೆ ಅಡವಿಟ್ಟು ಪೂರ್ಣ ವೇತನ ಕೊಟ್ಟವರು, ಅರ್ಧ ಹಣ ಹಾಗೂ ಅಕ್ಕಿ ಬೇಳೆ ಕೊಟ್ಟು ಉಳಿದುದನ್ನು ದೀಪಾವಳಿಗೆ ತೀರಿಸುವೆನೆಂದವರು, ಏನೂ ಕೊಡಲಾಗದೆ ದೂರವಾಣಿ ಆರಿಸಿ ಕುಳಿತವರು, ಹೀಗೆ ಮೂರು ಬಗೆಯವರೂ ಇದ್ದರು. ಮೂರನೆಯವರನ್ನು ಹಳಿಯುವುದು ಸುಲಭ. ಆದರೆ ಕೈಯಲ್ಲಿ ಹಣವಿದ್ದು ಕೊಡದವರಿಗೂ, ಹಣವೇ ಇಲ್ಲದೆ ಕೊಡಲಾಗದವರಿಗೂ ಇರುವ ಅಂತರವನ್ನು ಮರೆಯುವಂತಿಲ್ಲ.

ಆ ಆದೇಶವು ಮೇ 18ರಿಂದ ಜಾರಿಯಲ್ಲಿ ಉಳಿಯಲಿಲ್ಲ. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು, ವೇತನ ನೀಡದ ಮಾಲೀಕರ ವಿರುದ್ಧ ಬಲವಂತದ ಕ್ರಮ ಕೈಗೊಳ್ಳಬಾರದೆಂದೂ, ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯ ಮೂಲಕ ಇತ್ಯರ್ಥ ಮಾಡಿಕೊಳ್ಳಬಹುದೆಂದೂ ತಿಳಿಸಿತು. ಉದ್ಯಮ ಮತ್ತು ಕಾರ್ಮಿಕರು ಪರಸ್ಪರ ಅವಲಂಬಿತರೆಂಬ ಮಾತು ಆ ವೇಳೆಗೆ ಅನೇಕ ಕಾರ್ಖಾನೆಗಳ ಅಂಗಳದಲ್ಲಿ ಅನುಭವದಿಂದಲೇ ಸಿದ್ಧವಾಗಿತ್ತು.

ಊರಿಗೆ ಹೊರಟವರು

ಮೇ 1ರಿಂದ ವಲಸೆ ಕಾರ್ಮಿಕರಿಗಾಗಿ ಶ್ರಮಿಕ ವಿಶೇಷ ರೈಲುಗಳು ಆರಂಭವಾದವು. ಕೆಲಸಗಾರರೆಲ್ಲ ಹೊರಟುಹೋದರೆ ಕಟ್ಟಡ ಕಾಮಗಾರಿ ಹಾಗೂ ಉದ್ದಿಮೆಗಳು ನಿಲ್ಲುವವೆಂಬ ಆತಂಕದ ನಡುವೆ ರಾಜ್ಯದಿಂದ ಹೊರಡುವ ರೈಲುಗಳನ್ನು ಮೇ ಮೊದಲ ವಾರದಲ್ಲಿ ರದ್ದುಪಡಿಸಿ, ತೀವ್ರ ಟೀಕೆಯ ನಂತರ ಕೆಲವೇ ದಿನಗಳಲ್ಲಿ ಮತ್ತೆ ಆರಂಭಿಸಲಾಯಿತು. ಕೆಲಸಗಾರನನ್ನು ಹಿಡಿದಿಡುವುದು ಆದೇಶವಲ್ಲ, ವಿಶ್ವಾಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಲಾಕ್‌ಡೌನ್ ದಿನಗಳಲ್ಲಿ ತಮ್ಮ ಶೆಡ್ಡಿನಲ್ಲಿಯೇ ಇರಿಸಿಕೊಂಡು ಊಟಕ್ಕೆ ದಾರಿ ಮಾಡಿದ್ದ ಮಾಲೀಕರ ಬಳಿಗೆ ಕೆಲಸಗಾರರು ಬೇಗ ಮರಳಿದರು. ಉಳಿದವರು ಮರಳಲು ಮುಂಗಡ ಹಣ ಮತ್ತು ಪ್ರಯಾಣದ ವೆಚ್ಚ ಎರಡನ್ನೂ ಕಳುಹಿಸಬೇಕಾಯಿತು.

ನಿರ್ಬಂಧ ಸಡಿಲವಾಗಿ ಶೆಡ್ಡಿನ ಬಾಗಿಲು ತೆರೆದಾಗ ಕಂಡ ನೋಟ ಉತ್ಸಾಹ ತರುವಂಥದಾಗಿರಲಿಲ್ಲ. ಸಿಎನ್‌ಸಿ ಯಂತ್ರಗಳಲ್ಲಿ ಕೂಲಂಟ್ ಹಳಸಿ ನಾರುತ್ತಿತ್ತು. ಎಣ್ಣೆ ಹಚ್ಚದೆ ಬಿಟ್ಟ ಕಡೆ ತುಕ್ಕು ಹಿಡಿದಿತ್ತು, ಇಲಿಗಳು ತಂತಿಗಳನ್ನು ಕಡಿದಿದ್ದವು. ಬ್ಯಾಟರಿ ಬರಿದಾಗಿ ನಿಯಂತ್ರಕದಲ್ಲಿದ್ದ ಅಳತೆಗಳು ಅಳಿಸಿಹೋದ ಯಂತ್ರಗಳನ್ನು ಸರಿಪಡಿಸಲು ತಂತ್ರಜ್ಞರು ಮತ್ತೊಂದು ಊರಿನಿಂದ ಬರಬೇಕಿತ್ತು. ಬರಲು ಪಾಸು ಬೇಕಿತ್ತು.

ಸಾಲ, ಬಡ್ಡಿ ಮತ್ತು ಕಾಲಾವಕಾಶ

ರಿಸರ್ವ್ ಬ್ಯಾಂಕು 2020ರ ಮಾರ್ಚ್ 27ರಂದು ಸಾಲದ ಕಂತುಗಳಿಗೆ ಮೂರು ತಿಂಗಳ ವಿನಾಯಿತಿಗೆ ಅವಕಾಶ ನೀಡಿ, ಮುಂದೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಇದು ಕಾಲಾವಕಾಶವೇ ಹೊರತು ಮನ್ನಾ ಅಲ್ಲವೆಂಬುದು, ಬಡ್ಡಿ ಬೆಳೆದ ಬಳಿಕ ಬ್ಯಾಂಕಿನ ಲೆಕ್ಕದ ಹಾಳೆ ನೋಡಿದಾಗ ಹಲವರಿಗೆ ಮನದಟ್ಟಾಯಿತು. ಬಡ್ಡಿಯ ಮೇಲಿನ ಬಡ್ಡಿಯನ್ನು 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಕೇಂದ್ರ ಸರ್ಕಾರವೇ ಭರಿಸಲು ಒಪ್ಪಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮಿತಿಯನ್ನೂ ತೆಗೆದುಹಾಕಿತು.

2020ರ ಮೇ 13ರಂದು ಪ್ರಕಟವಾದ 3 ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲ ಖಾತರಿ ಯೋಜನೆಯು ಹೆಚ್ಚುವರಿ ಅಡಮಾನವಿಲ್ಲದೆ, 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇಕಡಾ 20ರಷ್ಟನ್ನು ಪಡೆಯಲು ದಾರಿ ಮಾಡಿತು. ಅದರಿಂದ ಉಸಿರಾಡಿದ ಘಟಕಗಳು ಅನೇಕ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿನಂತೆ ನಡೆದು, ಬ್ಯಾಂಕಿನ ಸಾಲವನ್ನೇ ಮಾಡದೆ ಬಾಳಿದ ವ್ಯಾಪಾರಿಗೆ ಸೊನ್ನೆಯ ಶೇಕಡಾ 20 ಸೊನ್ನೆಯೇ ಆಯಿತು. ರಾಜ್ಯ ಸರ್ಕಾರವು ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರ ಪ್ರಕಟಿಸಿ, ಕ್ಷೌರಿಕರು, ಅಗಸರು, ಆಟೋ ಚಾಲಕರಿಗೆ ತಲಾ 5,000 ರೂಪಾಯಿ ನೆರವು ಹಾಗೂ ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕದ ಮನ್ನಾ ನೀಡಿತು.

ಬದಲಾದ ರೂಢಿಗಳು

ವ್ಯಾಪಾರದ ರೀತಿಯೂ ಬದಲಾಯಿತು. ದೇಶದಲ್ಲಿ ಯುಪಿಐ ಮೂಲಕ ನಡೆದ ವ್ಯವಹಾರಗಳು 2020ರ ಮಾರ್ಚ್‌ನಲ್ಲಿ ಸುಮಾರು 125 ಕೋಟಿಯಿದ್ದು, ಏಪ್ರಿಲ್‌ನಲ್ಲಿ ಸುಮಾರು 100 ಕೋಟಿಗೆ ಇಳಿದು, ಅಕ್ಟೋಬರ್ ವೇಳೆಗೆ 207 ಕೋಟಿಗೆ ಏರಿದವು. ಸೊಪ್ಪು ಮಾರುವವರ ತಳ್ಳುಗಾಡಿಗೂ ಕ್ಯೂಆರ್ ಕೋಡಿನ ಫಲಕ ಬಂದಿತು. ಸಿದ್ಧ ಉಡುಪು ಘಟಕಗಳು ಮುಖಗವಸು ಹೊಲಿದವು, ಮದ್ಯಸಾರದ ಕಾರ್ಖಾನೆಗಳು ಸ್ಯಾನಿಟೈಸರ್ ತಯಾರಿಸಿದವು. ದಿನಸಿ ವರ್ತಕರು ವಾಟ್ಸ್ಯಾಪ್‌ನಲ್ಲಿ ಚೀಟಿ ಪಡೆದು ಮನೆಗೇ ಸಾಮಾನು ತಲುಪಿಸಿದರು. ಉದ್ರಿ ಕೊಡುವ ಪದ್ಧತಿಯನ್ನು ಹಳೆಯ ದೋಷವೆಂದು ಕರೆಯುತ್ತಿದ್ದ ಕಾಲದಲ್ಲಿ, ಕೂಲಿ ನಿಂತ ಬೀದಿಯ ಮನೆಗಳನ್ನು ಆ ಎರಡು ತಿಂಗಳು ಸಾಕಿದುದು ಮೂಲೆ ಅಂಗಡಿಯ ಉದ್ರಿ ಪುಸ್ತಕವೇ ಎಂಬುದನ್ನು ಇಲ್ಲಿ ದಾಖಲಿಸುವುದು ಅವಶ್ಯ.

ಎರಡನೆಯ ಅಲೆಯ ದುಃಖ

ಮೊದಲ ಅಲೆ ಹೆಚ್ಚಾಗಿ ಜೇಬನ್ನು ತಟ್ಟಿತು. 2021ರ ಎರಡನೆಯ ಅಲೆ ಮನೆಯನ್ನೇ ತಟ್ಟಿತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಬಿಗಿ ನಿರ್ಬಂಧ ಜಾರಿಯಾಗಿ, ಅವಶ್ಯಕ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಕೆಲವೊಂದು ಕ್ಷೇತ್ರಗಳ ಹೊರತಾಗಿ ಕೈಗಾರಿಕೆಗಳಿಗೆ ಆಮ್ಲಜನಕ ಪೂರೈಸುವುದನ್ನು ಕೇಂದ್ರವು ಏಪ್ರಿಲ್ 22ರಿಂದ ನಿಷೇಧಿಸಿತು. ಗ್ಯಾಸ್ ಕಟಿಂಗ್ ನೆಚ್ಚಿದ್ದ ಫ್ಯಾಬ್ರಿಕೇಶನ್ ಘಟಕಗಳ ಕೆಲಸ ನಿಂತಿತು. ತಮ್ಮ ಸಿಲಿಂಡರುಗಳನ್ನು ಆಸ್ಪತ್ರೆಗಳಿಗೆ ಒಪ್ಪಿಸಿದ ಉದ್ಯಮಿಗಳು ಆ ನಷ್ಟವನ್ನು ನಷ್ಟವೆಂದು ಎಣಿಸಲಿಲ್ಲ.

ಆ ಮೇ ತಿಂಗಳಿನಲ್ಲಿ ಎಷ್ಟೋ ಪೇಟೆಬೀದಿಗಳು ತಮ್ಮ ಹಿರಿಯರನ್ನು ಕಳೆದುಕೊಂಡವು. ಅಂಥ ಮನೆಗಳಲ್ಲಿ ದುಃಖದ ಜೊತೆಗೆ ಮತ್ತೊಂದು ತೊಡಕು ಎದುರಾಯಿತು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಯಾವ ವಿಮೆ ಯಾವ ಬ್ಯಾಂಕಿನಲ್ಲಿದೆ ಎಂಬುದೆಲ್ಲವೂ ತೀರಿಕೊಂಡವರ ತಲೆಯಲ್ಲಿಯೇ ಇತ್ತು. ಅಂಗಡಿಯ ಗಲ್ಲದ ಮೇಲೆ ಎಂದೂ ಕುಳಿತಿರದ ಮಡದಿ ಮಕ್ಕಳು ಹಳೆಯ ಚೀಟಿಗಳನ್ನು ಹರಡಿಕೊಂಡು ಲೆಕ್ಕ ಹುಡುಕಬೇಕಾಯಿತು. ಕೊಡಬೇಕಾದವರು ತಾವಾಗಿ ಬಂದು ಹಣ ಒಪ್ಪಿಸಿಹೋದ ಉದಾಹರಣೆಗಳೂ ಇವೆ, ಬಾಕಿಯನ್ನೇ ನಿರಾಕರಿಸಿದ ಉದಾಹರಣೆಗಳೂ ಇವೆ. ಆಪತ್ತಿಗಾದವನೇ ನೆಂಟ ಎಂಬ ಗಾದೆಯ ಅರ್ಥ ಆಗ ಎರಡೂ ಕಡೆಯಿಂದ ತಿಳಿಯಿತು.

ಉಳಿದ ಪಾಠ

ಮಹಾಮಾರಿ ಈ ನಾಡಿಗೆ ಹೊಸತಲ್ಲ. 1898ರಲ್ಲಿ ಪ್ಲೇಗ್ ಬೆಂಗಳೂರನ್ನು ಹೊಕ್ಕಾಗ ಪೇಟೆಯ ಇಕ್ಕಟ್ಟಿನಿಂದ ಜನರು ಹೊರಗೆ ಹೋಗಬೇಕಾಯಿತು. ಗಾಳಿ ಬೆಳಕುಳ್ಳ ಅಗಲವಾದ ಬೀದಿಗಳ ಮಲ್ಲೇಶ್ವರ ಹಾಗೂ ಬಸವನಗುಡಿ ಬಡಾವಣೆಗಳು ಬೆಳೆದುದು ಆ ಕಾಲದಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿದುದು 2023ರ ಮೇ 5ರಂದು. ಪ್ಲೇಗಿನ ಪಾಠದಿಂದ ಹಿಂದಿನವರು ಬಡಾವಣೆ ಕಟ್ಟಿದರು. ಈ ಪಾಠದಿಂದ ವರ್ತಕ ಸಮುದಾಯ ಏನನ್ನು ಕಟ್ಟಿಕೊಂಡಿತು ಎಂಬ ಪ್ರಶ್ನೆ ಇದ್ದೇ ಇದೆ.

ಉತ್ತರ ಕಷ್ಟದ್ದಲ್ಲ. ಕನಿಷ್ಠ ಎರಡು ತಿಂಗಳ ಸಂಬಳ ಹಾಗೂ ಬಾಡಿಗೆಗೆ ಸಾಲುವಷ್ಟು ಹಣವನ್ನು ವ್ಯಾಪಾರದಿಂದ ಬೇರೆಯಾಗಿ ಇರಿಸತಕ್ಕದ್ದು. ಒಬ್ಬನೇ ಗಿರಾಕಿಯನ್ನು, ಒಬ್ಬನೇ ಪೂರೈಕೆದಾರನನ್ನು ನಂಬಿ ಉದ್ದಿಮೆ ನಡೆಸಬಾರದು. ಉದ್ಯಮ ನೋಂದಣಿ, ವಿಮೆ, ನಾಮನಿರ್ದೇಶನಗಳನ್ನು ಕ್ರಮವಾಗಿ ಇಡಬೇಕು. ಕೊಡುಕೊಳ್ಳುವ ಲೆಕ್ಕ ಮನೆಯ ಮತ್ತೊಬ್ಬರಿಗಾದರೂ ತಿಳಿದಿರಬೇಕು. ಕೆಲಸಗಾರರ ಭವಿಷ್ಯ ನಿಧಿ ಮತ್ತು ಇಎಸ್ಐ ಹೊರೆಯೆಂದು ಭಾವಿಸದೆ, ಸಂಕಟದ ದಿನಕ್ಕೆ ಇಬ್ಬರಿಗೂ ಆಸರೆಯೆಂದು ತಿಳಿಯಬೇಕು.

ಈಗ ಅಂಗಡಿಗಳ ಮುಂದಿನ ಸುಣ್ಣದ ವೃತ್ತಗಳು ಅಳಿಸಿಹೋಗಿವೆ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವಾಗ 2020ರ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಅದರ ಬರಿದಾದ ಪುಟಗಳಲ್ಲಿ ಜಮೆಯೂ ಇಲ್ಲ, ಖರ್ಚೂ ಇಲ್ಲ. ಆದರೆ ಆ ದಿನಗಳಲ್ಲಿ ಯಾರು ಯಾರಿಗೆ ಆದರು ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಬಲ್ಲ; ಆ ಋಣವನ್ನು ಮರೆಯದಿದ್ದರೆ ಮುಂದೆ ಬರುವ ಕಷ್ಟವನ್ನು ಎದುರಿಸುವ ಬಂಡವಾಳದಲ್ಲಿ ಅರ್ಧಭಾಗ ಕೈಯಲ್ಲಿ ಇದ್ದಂತೆಯೇ ಸರಿ.