‘ಓಲ್ಡ್’ ಪದಕ್ಕೆ ಎದುರು ಒಂದೇ ಪದವೇ?

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುವ ಊರು ಹಗರೆ. ಕಳೆದ ಬೇಸಿಗೆಯಲ್ಲಿ ಅಲ್ಲಿನ ಬಂಧುಗಳ ಮನೆಗೆ ಹೋಗಿದ್ದಾಗ, ಆರನೆಯ ತರಗತಿ ಮುಗಿಸಿದ್ದ ಹುಡುಗಿಯೊಬ್ಬಳು ತನ್ನ ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ‘ತಾತ, ಪರೀಕ್ಷೇಲಿ ಓಲ್ಡ್‌ಗೆ ನ್ಯೂ ಅಂತ ಬರೆದಿದ್ದಕ್ಕೆ ಅಂಕ ಕೊಟ್ಟರು. ಪ್ರಬಂಧದಲ್ಲಿ ಬರೆದರೆ ತಪ್ಪು ಅಂತಾರೆ. ಯಾಕೆ?’ ಪ್ರಬಂಧದ ವಾಕ್ಯ ಹೀಗಿತ್ತು: ‘ಮೈ ಗ್ರ್ಯಾಂಡ್‌ಮದರ್ ಈಸ್ ಓಲ್ಡ್. ಐ ಆ್ಯಮ್ ನ್ಯೂ.’

ನಗು ಬಂದರೂ ತಡೆದುಕೊಂಡೆ. ತಪ್ಪು ಆ ಮಗುವಿನದಲ್ಲ, ಅವಳಿಗೆ ಕೊಟ್ಟ ಪಟ್ಟಿಯದು. ಎಡಕ್ಕೊಂದು ಪದ, ಬಲಕ್ಕೊಂದು ಪದ, ನಡುವೆ ಗುಣಾಕಾರದ ಚಿಹ್ನೆ. ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ಕಂಡ ನಮ್ಮ ತಲೆಮಾರೂ ಇದನ್ನು ಮಗ್ಗಿಯಂತೆಯೇ ಉರುಹೊಡೆಯಿತು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ 2007ರಲ್ಲಿ ಆರಂಭವಾಯಿತು. ಆದರೂ ಪಟ್ಟಿಯ ಮೇಲಿನ ನಮ್ಮ ಭಕ್ತಿ ಕರಗಿದಂತೆ ಕಾಣುವುದಿಲ್ಲ.

ವಿರುದ್ಧ ಪದವಿರುವುದು ಪದಕ್ಕಲ್ಲ, ಅದು ಆ ವಾಕ್ಯದಲ್ಲಿ ಹೊತ್ತಿರುವ ಅರ್ಥಕ್ಕೆ. ಈ ಸಂಗತಿ ಕನ್ನಡದ ಮಗುವಿಗೆ ತಿಳಿಯದ್ದೇನೂ ಅಲ್ಲ. ‘ಅಜ್ಜಿ ಹಳೆಯವಳು, ನಾನು ಹೊಸಬಳು’ ಎಂದು ಆ ಹುಡುಗಿ ಕನಸಿನಲ್ಲಿಯೂ ಹೇಳಲಾರಳು. ವಸ್ತುವಿಗೆ ಹಳೆಯದು–ಹೊಸದು, ವಯಸ್ಸಿಗೆ ಮುದಿ–ಎಳೆಯ ಎಂದು ನಮ್ಮ ನುಡಿ ಬೇರೆ ಬೇರೆ ಜೋಡಿಗಳನ್ನು ಇಟ್ಟುಕೊಂಡಿದೆ. ಇಂಗ್ಲಿಷ್ ಎರಡೂ ಕಡೆ ‘ಓಲ್ಡ್’ ಎನ್ನುತ್ತದೆ, ಎದುರು ಪದ ಬರುವಾಗ ಮಾತ್ರ ‘ನ್ಯೂ’ ಎಂದೂ ‘ಯಂಗ್’ ಎಂದೂ ಕವಲೊಡೆಯುತ್ತದೆ.

ಅಂಗಳದಲ್ಲಿ ಹಸು ಕಟ್ಟಿತ್ತು, ಆಚೆಗೆ ಹೊಲವಿತ್ತು. ಪಾಠಕ್ಕೆ ಅಷ್ಟು ಸಾಕಾಯಿತು. ಕಂದಾಯ ದಾಖಲೆಗಳಲ್ಲಿ ಖುಷ್ಕಿಗೆ ಎದುರು ತರಿ; ಇಂಗ್ಲಿಷ್ ಕಡತಗಳಲ್ಲಿ ಇವು ‘ಡ್ರೈ’ ಮತ್ತು ‘ವೆಟ್’ ಜಮೀನುಗಳು. ಅದೇ ‘ಡ್ರೈ’ ಹಸುವಿನ ಪಕ್ಕ ಬಂದರೆ ಹಾಲು ಬತ್ತಿದ ಹಸು. ಅದಕ್ಕೆ ಎದುರು ‘ವೆಟ್’ ಹಸುವಲ್ಲ, ಕರೆಯುವ ಹಸು, ಅಂದರೆ ‘ಮಿಲ್ಚ್’ ಹಸು. ಭಾಷಣ ‘ಡ್ರೈ’ ಆದರೆ ನೀರಸ. ಎದುರು ಪದ ‘ಲೈವ್ಲಿ’. ದ್ರಾಕ್ಷಾರಸ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು. ಎದುರು ಪದ ‘ಸ್ವೀಟ್’. (ಈ ಕೊನೆಯ ಉದಾಹರಣೆಯನ್ನು ಹುಡುಗಿಗೆ ಹೇಳಲಿಲ್ಲ.) ಎದುರು ಪದವನ್ನು ಹುಡುಕುತ್ತ ಹೋದಂತೆ ಒಂದೇ ಪದದೊಳಗೆ ಅಡಗಿದ್ದ ನಾಲ್ಕು ಅರ್ಥಗಳು ಬೇರ್ಪಟ್ಟು ನಿಂತವು. ಶಬ್ದಸಂಪತ್ತು ಬೆಳೆಯುವುದು ಹೀಗೆ.

ಎದುರು ಪದದ ಅಜ್ಞಾನಕ್ಕೆ ನಾನೂ ಬೆಲೆ ತೆತ್ತವನೇ. ಸರಿಯಾಗಿ ಹೇಳಬೇಕೆಂದರೆ, ಬೆಲೆ ತೆತ್ತವರು ಬೇರೆಯವರು. ಸೇವೆಗೆ ಸೇರಿದ ಹೊಸತರಲ್ಲಿ ಒಂದು ಜಮೀನು ತಕರಾರಿನ ವಿಚಾರಣೆ ಕುಂಟುತ್ತಿತ್ತು. ವಿಚಾರಣಾಧಿಕಾರಿಗೆ ಅದರಲ್ಲಿ ಆಸಕ್ತಿಯಿಲ್ಲ ಎಂದು ಮೇಲಧಿಕಾರಿಗೆ ತಿಳಿಸಬೇಕಾಗಿತ್ತು. ‘ಅನ್‌ಇಂಟರೆಸ್ಟೆಡ್’ ಎಂದು ಬರೆಯುವ ಬದಲು ‘ಡಿಸ್‌ಇಂಟರೆಸ್ಟೆಡ್’ ಎಂದು ಬರೆದೆ. ಅದರ ಅರ್ಥ ಸ್ವಹಿತಾಸಕ್ತಿಯಿಲ್ಲದ, ನಿಷ್ಪಕ್ಷಪಾತಿಯಾದ ವ್ಯಕ್ತಿ. ನನ್ನ ದೂರು ಪ್ರಶಂಸೆಯಾಗಿ ಓದಿಸಿಕೊಂಡಿತು, ವಿಚಾರಣೆ ಅದೇ ಕೈಯಲ್ಲಿ ಉಳಿಯಿತು. ಅರ್ಜಿದಾರನಾಗಿದ್ದ ವೃದ್ಧ ರೈತ ಮತ್ತೆ ಹಲವು ತಿಂಗಳು ಕಚೇರಿಯ ಮೆಟ್ಟಿಲು ಹತ್ತಿದ. ಇತ್ತೀಚಿನ ಬಳಕೆಯಲ್ಲಿ ಈ ಎರಡು ಪದಗಳ ನಡುವಣ ಗೆರೆ ಮಸುಕಾಗಿದೆಯಾದರೂ ಆಡಳಿತ ಮತ್ತು ನ್ಯಾಯದ ಬರಹದಲ್ಲಿ ಅದನ್ನು ಅಳಿಸಿಹಾಕುವುದು ಕ್ಷೇಮವಲ್ಲ.

‘ಅನ್’, ‘ಇನ್’, ‘ಡಿಸ್’ ಎಂಬ ಉಪಸರ್ಗ ಅಂಟಿಸಿದರೆ ವಿರುದ್ಧ ಪದ ಸಿದ್ಧ ಎಂಬ ಸುಲಭೋಪಾಯ ಅಪಾಯಕಾರಿ. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡೂ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳೇ. ನಿಷೇಧಾರ್ಥದ ‘ಅ’ಕಾರಕ್ಕೆ ಸಂಸ್ಕೃತ ವೈಯಾಕರಣರು ಆರು ಅರ್ಥಗಳನ್ನು ಗುರುತಿಸಿದ್ದರು, ವಿರೋಧ ಅವುಗಳಲ್ಲಿ ಒಂದು ಮಾತ್ರ. ಅಧರ್ಮವೆಂದರೆ ಧರ್ಮದ ಬರಿಯ ಗೈರುಹಾಜರಿಯಲ್ಲ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಇನ್ನೊಂದು ಜೋಡಿ ಸದಾ ಕಾಡುತ್ತದೆ. ‘ಇನ್‌ಫ್ಲೇಶನ್’ಗೆ ಎದುರು ‘ಡಿಫ್ಲೇಶನ್’, ಬೆಲೆಗಳೇ ಇಳಿಯುವುದು. ಹಣದುಬ್ಬರದ ದರ ಶೇ 8ರಿಂದ ಶೇ 5ಕ್ಕೆ ಬಂದರೆ ಅದು ‘ಡಿಸ್‌ಇನ್‌ಫ್ಲೇಶನ್’. ಬೆಲೆ ಏರುತ್ತಲೇ ಇರುತ್ತದೆ, ಏರಿಕೆಯ ವೇಗ ಮಾತ್ರ ಕಡಿಮೆ. ‘ಹಣದುಬ್ಬರ ಇಳಿಕೆ’ ಎಂಬ ಶೀರ್ಷಿಕೆ ಓದಿ ಮಾರುಕಟ್ಟೆಗೆ ಹೋದ ಗೃಹಿಣಿ ಸರ್ಕಾರವನ್ನು ಶಪಿಸುವುದರ ಮೂಲ ಇಲ್ಲಿದೆ. 2009ರ ಜೂನ್‌ನಲ್ಲಂತೂ ಸಗಟು ಬೆಲೆಗಳ ಹಣದುಬ್ಬರ ಶೂನ್ಯಕ್ಕಿಂತ ಕೆಳಗಿಳಿದಿದ್ದರೂ ಆಹಾರ ಪದಾರ್ಥಗಳು ದುಬಾರಿಯಾಗುತ್ತಲೇ ಇದ್ದವು.

ಬರವಣಿಗೆ ತಿದ್ದಲು ನಾನು ಅನುಸರಿಸುವ ಕ್ರಮ ಸರಳ. ಬರೆದದ್ದರಲ್ಲಿ ‘ನಾಟ್’ ಎಂಬುದು ಬಂದಲ್ಲೆಲ್ಲ ನಿಂತು, ಅದರ ಜಾಗಕ್ಕೆ ಗಟ್ಟಿಯಾದ ಎದುರು ಪದವೊಂದಿದೆಯೇ ಎಂದು ನೋಡುವುದು. ‘ನಾಟ್ ಪ್ರೆಸೆಂಟ್’ ಎನ್ನುವುದಕ್ಕಿಂತ ‘ಆ್ಯಬ್ಸೆಂಟ್’ ಚುರುಕು. ಆದರೆ ‘ನಾಟ್ ಆ್ಯಕ್ಸೆಪ್ಟೆಡ್’ ಎಂಬುದನ್ನು ‘ರಿಜೆಕ್ಟೆಡ್’ ಮಾಡುವ ಮುನ್ನ ಯೋಚಿಸಬೇಕು. ಅಂಗೀಕಾರವೂ ಆಗದೆ ತಿರಸ್ಕಾರವೂ ಆಗದೆ ಮಲಗಿರುವ ಅರ್ಜಿಗಳನ್ನು ಸರ್ಕಾರಿ ಕಚೇರಿ ಕಂಡವರೆಲ್ಲ ಬಲ್ಲರು. ಜಾರ್ಜ್ ಆರ್ವೆಲ್ 1949ರ ತಮ್ಮ ಕಾದಂಬರಿ ‘ನೈನ್‌ಟೀನ್ ಎಯ್ಟಿಫೋರ್’ನಲ್ಲಿ ಕಲ್ಪಿಸಿದ ಸರ್ವಾಧಿಕಾರಿ ಪ್ರಭುತ್ವ ‘ಬ್ಯಾಡ್’ ಪದವನ್ನೇ ಕಿತ್ತುಹಾಕಿ ‘ಅನ್‌ಗುಡ್’ ಎಂದಷ್ಟೇ ಉಳಿಸುತ್ತದೆ. ಪ್ರಜೆಗಳ ಯೋಚನೆಯನ್ನು ಕುಗ್ಗಿಸಲು ಅದು ಹುಡುಕಿಕೊಂಡ ದಾರಿಗಳಲ್ಲಿ ಎದುರು ಪದಗಳ ನಾಶವೂ ಒಂದು.

ಹುಡುಗಿಗೆ ಇದನ್ನೆಲ್ಲ ಹೇಳುವ ಹೊತ್ತಲ್ಲ ಅದು. ‘ಯಂಗ್’ ಎಂದು ತಿದ್ದಿಕೊಂಡಳು. ಪಟ್ಟಿ ಬಿಟ್ಟು, ಪ್ರತಿ ಪದಕ್ಕೂ ಊರಿನದೇ ಒಂದು ವಾಕ್ಯ ಬರೆಯಲು ಹೇಳಿದೆ. ‘ಓಲ್ಡ್’ಗೆ ಹಳೇಬೀಡನ್ನು ಆರಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಪೆನ್ಸಿಲ್ ಕಚ್ಚುತ್ತ, ‘ಹಾಗಾದರೆ ಹಳೇಬೀಡೂ ಒಂದು ಕಾಲಕ್ಕೆ ನ್ಯೂ ಆಗಿತ್ತಾ, ತಾತ?’ ಎಂದಳು. ಬೇಲೂರಿನ ಬಳಿಕ ಹೊಯ್ಸಳರ ಹೊಸ ರಾಜಧಾನಿಯಾದ ದೋರಸಮುದ್ರದ ಕಥೆಯನ್ನು ಅಲ್ಲಿಂದ ಆರಂಭಿಸಿದೆ.